ಬಂದವರ ಕಾಗದ ನಾವೇ ಓದೋಣ



ದೀಪಾವಳಿ ಕಳೆದ ಮೇಲೆ ಆನೆಗೊಂದಿ, ಸಣಾಪುರದ ಕಡೆ ಪರದೇಶದವರು ಬರುತ್ತಾರೆ. ಬೆನ್ನಿಗೆ ದೊಡ್ಡ ಚೀಲ. ಹಂಪಿ ನೋಡಬೇಕು, ಅಂಜನಾದ್ರಿ ಹತ್ತಬೇಕು ಅಂತಾರ. ವಿರುಪಾಪುರ ಗಡ್ಡಿಯ ಹೋಟೆಲುಗಳನ್ನು 2020ರಲ್ಲಿ ತೆರವು ಮಾಡಿದರು. ಈಗ ಗಂಗಾವತಿ ತಾಲ್ಲೂಕಿನ ಈ ಊರುಗಳಲ್ಲಿ ಮನೆಯ ಕೋಣೆಯನ್ನೇ ಬಾಡಿಗೆಗೆ ಕೊಡುವವರಿದ್ದಾರೆ. ರೊಟ್ಟಿ ಬಡಿಯುವವಳು ಹೆಣ್ಣುಮಗಳು. ಹಾಸಿಗೆ ಹಾಸುವವಳೂ ಅವಳೇ. ಬಂದವರ ಕಾಗದ ನೋಡೋದು ಮಾತ್ರ ಗಂಡಸರ ಕೆಲಸ! ಯಾಕ್ರೀ?

ಆ ಕಾಗದ ಎರಡು. ಒಂದು ಪಾಸ್‌ಪೋರ್ಟ್. ಅದು ಸಣ್ಣ ಪುಸ್ತಕ. "ಇವರು ನಮ್ಮವರು" ಅಂತ ಅವರ ಸರ್ಕಾರ ಕೊಟ್ಟಿದ್ದು. ಇನ್ನೊಂದು ವೀಸಾ. "ಇವರು ಬರಲಿ, ಇಷ್ಟು ದಿನ ಇರಲಿ" ಅಂತ ನಮ್ಮ ಸರ್ಕಾರ ಕೊಟ್ಟಿದ್ದು. ನಮ್ಮೂರಿಂದ ಹಜ್ ಯಾತ್ರೆಗೆ ಹೋಗುವವರಿಗೂ ಸೌದಿ ಸರ್ಕಾರದ ವೀಸಾ ಬೇಕು. ನೇಪಾಳ, ಭೂತಾನದವರಿಗೆ ನಮ್ಮ ದೇಶಕ್ಕೆ ಬರಲು ವೀಸಾ ಬ್ಯಾಡ. ತಾವು ಯಾರೆಂಬ ಗುರುತಿನ ಕಾಗದ ಅವರ ಹತ್ತಿರವೂ ಇರಬೇಕು.

2014ರಿಂದ ವೀಸಾಕ್ಕೆ ಮನೆಯಲ್ಲೇ ಕೂತು ಕಂಪ್ಯೂಟರಿನಲ್ಲಿ ಅರ್ಜಿ ಹಾಕುವ ಅನುಕೂಲ ಬಂದಿದೆ. ಅದಕ್ಕೆ ಇ-ವೀಸಾ ಅಂತಾರ. ವಿಮಾನ ಇಳಿದ ಕೂಡಲೇ ಅಧಿಕಾರಿ ಪಾಸ್‌ಪೋರ್ಟ್ ನೋಡಿ ಸಿಕ್ಕಾ ಒತ್ತುತ್ತಾರೆ. ಅದರಲ್ಲಿ ಬಂದ ತಾರೀಖು ಇರತೈತಿ. ಪ್ರವಾಸಿಗರ ಇ-ವೀಸಾ 30 ದಿನದ್ದು ಉಂಟು, 1 ವರ್ಷದ್ದು, 5 ವರ್ಷದ್ದೂ ಉಂಟು. 30 ದಿನದ್ದನ್ನು ಬಂದ ದಿನದಿಂದ ಎಣಿಸಬೇಕು. ಡಿಸೆಂಬರ್ 3ಕ್ಕೆ ಬಂದವರು ಸಂಕ್ರಾಂತಿ ಮಾಡಿ ಹೋಗ್ತೀನಿ ಅಂದರ ಆಗೋದಿಲ್ಲ. ಪ್ರವಾಸಿ ವೀಸಾದ ಮೇಲೆ ಇಲ್ಲಿ ದುಡಿಯುವಂತೆಯೂ ಇಲ್ಲ.

ಅಕ್ಷರ ಇಂಗ್ಲಿಷಿನವು, ನಿಜ. ಆದರೆ ಅಂಕಿ ನಿಮಗೆ ಗೊತ್ತಲ್ಲ! ಬಸ್ಸಿನ ಮೇಲೆ, ನೋಟಿನ ಮೇಲೆ ಇರುವ ಅಂಕಿಗಳೇ ಅವು. ತಿಂಗಳ ಹೆಸರು ತಿಳಿಯದಿದ್ದರೆ ಶಾಲೆಗೆ ಹೋಗುವ ಮಗಳನ್ನು ಕೇಳ್ರಿ. ಒಂದು ಮಾತು: ಅಮೆರಿಕದವರು ಕೈಯಿಂದ ತಾರೀಖು ಬರೆದರೆ ಮೊದಲು ತಿಂಗಳು, ಆಮೇಲೆ ದಿನ. ಅವರ 5/8 ಅಂದರೆ ಮೇ 8.

ಇನ್ನು ನಮ್ಮ ಕೆಲಸ. ಒಂದೇ ಕೋಣೆ, ಒಂದೇ ರಾತ್ರಿ ಆದರೂ, ಬಂದ 24 ತಾಸಿನೊಳಗೆ ಪರದೇಶದವರ ವಿವರ ಸರ್ಕಾರಕ್ಕೆ ತಿಳಿಸಬೇಕು. ಬಹಳ ವರ್ಷ ಇದನ್ನು 'ಸಿ ಫಾರಂ' ಅಂತ ಕರೆದರು. 2025ರ ಸೆಪ್ಟೆಂಬರ್ 1ರಿಂದ ಹೊಸ ಕಾಯಿದೆ ಬಂದಿದೆ. ಆದರೂ ತಿಳಿಸುವ ಜವಾಬ್ದಾರಿ ಮನೆಯವರದೇ. ತಿಳಿಸದಿದ್ದರೆ ದಂಡ ಬೀಳಬಹುದು. ಅರ್ಜಿ ಕಂಪ್ಯೂಟರಿನಲ್ಲಿ, ಅದೂ ಇಂಗ್ಲಿಷಿನಲ್ಲಿ. ಹಳ್ಳಿ ಮನೆಯವರಿಗೆ ಇದು ಕನ್ನಡದಲ್ಲಿ ಇರಬೇಕಿತ್ತು ಅಂತ ನನ್ನ ಅಭಿಪ್ರಾಯ.

ಇದು ಬರೀ ಕಿರಿಕಿರಿ ಅಲ್ಲ. 2025ರ ಮಾರ್ಚಿಯಲ್ಲಿ ಸಣಾಪುರದ ಹತ್ತಿರ ಕಾಲುವೆ ದಂಡೆ ಮೇಲೆ ಪ್ರವಾಸಿಗರ ಮೇಲೆ ಹಲ್ಲೆ ಆಯಿತು. ಒಬ್ಬ ತರುಣ ನೀರುಪಾಲಾದ. ಅಂಥ ಹೊತ್ತಿನಲ್ಲಿ ಅವರು ಯಾರು, ಯಾವ ದೇಶ, ಯಾರಿಗೆ ಸುದ್ದಿ ಮುಟ್ಟಿಸಬೇಕು ಅನ್ನೋದು ಬರೆದಿಟ್ಟ ಕಾಗದದಿಂದಲೇ ತಿಳಿಯುತ್ತದೆ.

ಕುಷ್ಟಗಿ, ಯಲಬುರ್ಗಾದ ಅಕ್ಕಂದಿರು "ನಮ್ಮೂರಿಗೆ ಯಾರು ಬರ್ತಾರ?" ಅನ್ನಬಹುದು. ಇಟಗಿಯ ಮಹಾದೇವ ಗುಡಿ ನೋಡಲು, ಕೊಪ್ಪಳದ ಹತ್ತಿರ ಕಿನ್ನಾಳದ ಗೊಂಬೆ ನೋಡಲು ಬಂದವರು ನಿಮ್ಮಲ್ಲೂ ಉಳಿದಾರು.

ಪಾಸ್‌ಪೋರ್ಟನ್ನು ಬಾಡಿಗೆಗೆ ಒತ್ತೆ ಇಟ್ಟುಕೊಳ್ಳಬ್ಯಾಡ್ರಿ. ನೋಡಿ, ಬರೆದುಕೊಂಡು, ಕೂಡಲೇ ತಿರುಗಿ ಕೊಡ್ರಿ. ವೀಸಾದ ದಿನ ಮುಗಿದಿದ್ದರೆ ಮುಚ್ಚಿಡಬ್ಯಾಡ್ರಿ. ಪೊಲೀಸ್ ಠಾಣೆಗೆ ತಿಳಿಸ್ರಿ. ನೀವು ಹೇಳಿದ ತಾರೀಖನ್ನು ಒಂದು ನೋಟ್‌ಬುಕ್ಕಿನಲ್ಲೂ ಬರೆದಿಡ್ರಿ, ನಿಮ್ಮ ಕೈಯಿಂದಲೇ.