ಮೂರು ಬೀಗದ ಪೆಟ್ಟಿಗೆ

ಹುಟ್ಟಿದ ದಿನ ಯಾವುದೆಂದು ಯಾರಾದರೂ ಕೇಳಿದರೆ ನಾನು ಎರಡು ಉತ್ತರ ಕೊಡಬೇಕಾಗುತ್ತದೆ. ಸರ್ಕಾರದ ಕಾಗದಗಳ ಪ್ರಕಾರ ಜೂನ್ 1. ನನ್ನ ತಾಯಿಯ ಪ್ರಕಾರ ಶ್ರಾವಣದ ಒಂದು ಸೋಮವಾರ, ಕೊಟ್ಟಿಗೆಯಲ್ಲಿ ಕೆಂಪು ಹಸು ಕರು ಹಾಕಿದ ಮಾರನೆಯ ದಿನ. ನನ್ನನ್ನು ಶಾಲೆಗೆ ಸೇರಿಸುವಾಗ ಹಳ್ಳಿಯ ಮೇಷ್ಟ್ರು ಲೇಖನಿ ಹಿಡಿದು, “ಯಜಮಾನರೆ, ತಾರೀಖು ಏನೆಂದು ಬರೆಯಲಿ?” ಎಂದರಂತೆ. ನಮ್ಮ ತಂದೆ, “ನಿಮಗೆ ತೋಚಿದ್ದು ಬರೆಯಿರಿ ಮೇಷ್ಟ್ರೆ, ಹುಡುಗ ಓದಿದರೆ ಸಾಕು” ಎಂದರಂತೆ. ಅವರಿಗೆ ತೋಚಿದ ತಾರೀಖಿನಂತೆ ನಾನು ಕೆಲಸಕ್ಕೆ ಸೇರಿದೆ. ಅದರಂತೆಯೇ ನಿವೃತ್ತನೂ ಆಗುತ್ತೇನೆ. ಪುಸ್ತಕದಲ್ಲಿ ಒಂದು ಸಾಲು ಬರೆಯುವ ಕೈಗೆ ಎಷ್ಟು ಅಧಿಕಾರ ನೋಡಿ!

ಈ ಅಧಿಕಾರವನ್ನು ಒಂದು ದೇಶ ಹಳ್ಳಿ ಹಳ್ಳಿಯ ಪಾದ್ರಿಗಳ ಕೈಗೆ ಒಪ್ಪಿಸಿ, ಮೂರು ಶತಮಾನಗಳ ಕಾಲ ಹೇಗೆ ನಡೆಸಿಕೊಂಡು ಬಂತು ಎಂಬುದನ್ನು ಇಂದು ಹೇಳಬೇಕೆಂದಿದ್ದೇನೆ. ಆ ದೇಶ ಇಂಗ್ಲೆಂಡು.

ಇಂಗ್ಲೆಂಡಿನ ಹಳ್ಳಿಗಾಡಿನಲ್ಲಿ ಹೋಗುವವನಿಗೆ ಊರಿಗಿಂತ ಮೊದಲು ಕಾಣುವುದು ಚರ್ಚಿನ ಗೋಪುರ. ಆ ಚರ್ಚಿಗೆ ಸೇರಿದ ಊರು, ಹೊಲ, ಗೋಮಾಳ ಎಲ್ಲ ಕೂಡಿ ಒಂದು ‘ಪ್ಯಾರಿಷ್’. ಅಲ್ಲಿ ಪಾದ್ರಿಯೊಬ್ಬ, ಅವನ ಜೊತೆಗೆ ಊರವರ ಪರವಾಗಿ ಚರ್ಚಿನ ಹಣಕಾಸು ನೋಡಿಕೊಳ್ಳುವ ‘ವಾರ್ಡನ್’ ಎಂಬ ಇಬ್ಬರು ಗೃಹಸ್ಥರು. 1534ರಲ್ಲಿ ಎಂಟನೆಯ ಹೆನ್ರಿ ದೊರೆ ರೋಮಿನ ಪೋಪರ ಅಧಿಕಾರವನ್ನು ಕಿತ್ತೊಗೆದು, ತಾನೇ ಇಂಗ್ಲೆಂಡಿನ ಚರ್ಚಿಗೆ ಮುಖ್ಯಸ್ಥನಾದ. ನಾಲ್ಕು ವರ್ಷಗಳ ತರುವಾಯ, 1538ರ ಸೆಪ್ಟೆಂಬರಿನಲ್ಲಿ, ಅವನ ಮಂತ್ರಿ ಥಾಮಸ್ ಕ್ರಾಮ್‌ವೆಲ್ ಒಂದು ಆಜ್ಞೆ ಹೊರಡಿಸಿದ. ಪ್ರತಿಯೊಂದು ಪ್ಯಾರಿಷ್ ಒಂದು ಪುಸ್ತಕ ಇಡತಕ್ಕದ್ದು. ವಾರದಲ್ಲಿ ನಡೆದ ದೀಕ್ಷಾಸ್ನಾನ, ಮದುವೆ, ಶವಸಂಸ್ಕಾರ ಇವನ್ನೆಲ್ಲ ಪಾದ್ರಿಯು ಭಾನುವಾರ ವಾರ್ಡನ್ನರ ಎದುರಿಗೆ ಬರೆಯತಕ್ಕದ್ದು. ಪುಸ್ತಕವನ್ನು ಎರಡು ಬೀಗದ ಪೆಟ್ಟಿಗೆಯಲ್ಲಿ ಇಡತಕ್ಕದ್ದು. ಒಂದು ಬೀಗದ ಕೈ ಪಾದ್ರಿಗೆ, ಇನ್ನೊಂದು ವಾರ್ಡನ್ನರಿಗೆ. ತಪ್ಪಿದರೆ 3 ಷಿಲಿಂಗ್ 4 ಪೆನ್ಸ್ ದಂಡ. ಆ ಹಣ ಚರ್ಚಿನ ದುರಸ್ತಿಗೆ. 1603ರ ಧರ್ಮಶಾಸನದಲ್ಲಿ ಬೀಗಗಳು ಮೂರಾದವು: ಪಾದ್ರಿಗೊಂದು, ವಾರ್ಡನ್ನರಿಬ್ಬರಿಗೂ ಒಂದೊಂದು. ಮೂವರೂ ಕೂಡಿದ ಹೊರತು ಪೆಟ್ಟಿಗೆ ತೆರೆಯದು. ಮನುಷ್ಯಸ್ವಭಾವ ಬಲ್ಲವರು ಮಾಡಿದ ಏರ್ಪಾಡು ಇದು.

ಜನ ಇದನ್ನು ಸಂತೋಷದಿಂದ ಒಪ್ಪಿದರೆಂದು ತಿಳಿಯಬೇಡಿ. ಹುಟ್ಟು ಸಾವುಗಳನ್ನು ದೊರೆ ಏಕೆ ಎಣಿಸುತ್ತಾನೆ, ಹೊಸ ತೆರಿಗೆ ಹಾಕುವುದಕ್ಕೇ ಇರಬೇಕು ಎಂಬ ಗುಲ್ಲು ಡೆವನ್, ಕಾರ್ನ್‌ವಾಲ್ ಪ್ರಾಂತಗಳಲ್ಲಿ ಹಬ್ಬಿತು. ಆ ಹೆದರಿಕೆ ಅಂದಿಗೆ ಸುಳ್ಳಾಯಿತು. ಆದರೆ 245 ವರ್ಷ ಕಳೆದ ಮೇಲೆ, 1783ರಲ್ಲಿ, ನಿಜವಾಗಿಯೇ ಒಂದೊಂದು ದಾಖಲೆಗೂ 3 ಪೆನ್ಸ್ ಸುಂಕ ಬಂತು! ಕಡುಬಡವರಿಗೆ ವಿನಾಯಿತಿ ಇತ್ತು. 1794ರಲ್ಲಿ ಅದನ್ನು ತೆಗೆದುಹಾಕಿದರು.

ಮೊದಲ ಪುಸ್ತಕಗಳು ಬಹುಮಟ್ಟಿಗೆ ಕಾಗದದವು. ತೇವಕ್ಕೂ ಇಲಿಗೂ ತುತ್ತಾಗುವಂಥವು. ಆದುದರಿಂದ 1598ರಲ್ಲಿ, ಹಳೆಯದನ್ನೆಲ್ಲ ಚರ್ಮಪತ್ರದ ಮೇಲೆ ನಕಲು ಮಾಡಿ, ವರ್ಷಕ್ಕೊಮ್ಮೆ ಇನ್ನೊಂದು ಪ್ರತಿಯನ್ನು ಬಿಷಪ್ಪರಿಗೆ ಕಳಿಸಬೇಕೆಂದು ಕಟ್ಟಳೆಯಾಯಿತು. ಆದರೆ ಆ ಆಜ್ಞೆಯಲ್ಲಿ ಒಂದು ಸಂದು ಇತ್ತು: ಮೊದಲಿನಿಂದ, ಅದರಲ್ಲಿಯೂ ಎಲಿಜಬೆತ್ ರಾಣಿ ಪಟ್ಟಕ್ಕೆ ಬಂದ 1558ರಿಂದ ನಕಲು ಮಾಡಿ ಎಂದಿತ್ತು. ಎಷ್ಟೋ ಪಾದ್ರಿಗಳು ಬರೆಯುವ ಶ್ರಮ ಉಳಿಯಿತೆಂದು 1558ರಿಂದಲೇ ಆರಂಭಿಸಿದರು. ಅಲ್ಲೆಲ್ಲ ಮೊದಲ 20 ವರ್ಷಗಳ ಜನರ ಹೆಸರು ಅಳಿಸಿಹೋಯಿತು.

ಷೇಕ್ಸ್‌ಪಿಯರನನ್ನೇ ತೆಗೆದುಕೊಳ್ಳಿ. ಸ್ಟ್ರಾಟ್‌ಫರ್ಡ್ ಎಂಬ ಸಣ್ಣ ಪೇಟೆಯ ಚರ್ಚಿನ ಪುಸ್ತಕದಲ್ಲಿ ಅವನಿಗೆ ದೀಕ್ಷಾಸ್ನಾನವಾದ ದಿನ 1564ರ ಏಪ್ರಿಲ್ 26 ಎಂದಿದೆ. ನಾವು ಇಂದು ನೋಡುವುದು ಮೂಲವಲ್ಲ, 1600ರಲ್ಲಿ ಮಾಡಿದ ಚರ್ಮಪತ್ರದ ನಕಲು. ಹುಟ್ಟಿದ ದಿನವನ್ನು ಅದರಲ್ಲಿ ಬರೆದಿಲ್ಲ. ಏಪ್ರಿಲ್ 23 ಎಂಬುದು ಊಹೆ. ಮಹಾಕವಿಯ ಜನ್ಮದಿನವೂ ನನ್ನದರಂತೆಯೇ ಯಾರಿಗೋ ತೋಚಿದ್ದು ಎಂದು ತಿಳಿದಾಗ ನನಗೆ ಸ್ವಲ್ಪ ಸಮಾಧಾನವಾಯಿತು.

ಕವಿಯನ್ನು ಜಗತ್ತು ಹೇಗೂ ಮರೆಯುತ್ತಿರಲಿಲ್ಲ. ಈ ಪುಸ್ತಕಗಳ ಹಿರಿಮೆ ಇರುವುದು ಬೇರೆಯವರಿಂದ. ಡಾರ್ಬಿಷೈರಿನ ಬೆಟ್ಟಗಳ ನಡುವೆ ಈಮ್ ಎಂಬ ಹಳ್ಳಿ. 1665ರ ಸೆಪ್ಟೆಂಬರಿನಲ್ಲಿ ಅಲ್ಲಿ ಪ್ಲೇಗು ಕಾಲಿಟ್ಟಿತು. ರೋಗ ಸುತ್ತಲ ಹಳ್ಳಿಗಳಿಗೆ ಹರಡಬಾರದೆಂದು, ಪಾದ್ರಿ ವಿಲಿಯಂ ಮಾಂಪೆಸನ್ನನ ಮಾತಿಗೆ ಕಟ್ಟುಬಿದ್ದು, ಊರಿನವರು ಎಲ್ಲೆ ದಾಟದೆ ಉಳಿದರು. 14 ತಿಂಗಳಲ್ಲಿ ಸತ್ತವರು ಸುಮಾರು 260. ಎಲಿಜಬೆತ್ ಹ್ಯಾಂಕಾಕ್ ಎಂಬಾಕೆ 1666ರ ಆಗಸ್ಟಿನಲ್ಲಿ ಎಂಟೇ ದಿನಗಳಲ್ಲಿ ಗಂಡನನ್ನೂ ಆರು ಮಕ್ಕಳನ್ನೂ ಮಣ್ಣು ಮಾಡಿದಳು. ಅದೇ ತಿಂಗಳು ಪಾದ್ರಿಯ ಹೆಂಡತಿ ಕ್ಯಾಥರೀನಳೂ ತೀರಿಕೊಂಡಳು. ಸತ್ತವರಲ್ಲಿ ಅನೇಕರನ್ನು ಮನೆಯವರೇ ಹಿತ್ತಿಲಲ್ಲೋ ಹೊಲದಲ್ಲೋ ಹೂಳಬೇಕಾಗಿತ್ತು. ಚರ್ಚಿನ ನೆಲ ಅವರ ದೇಹಕ್ಕೆ ದೊರೆಯಲಿಲ್ಲ. ಚರ್ಚಿನ ಪುಸ್ತಕ ಮಾತ್ರ ಅವರ ಹೆಸರುಗಳಿಗೆ ಜಾಗ ಕೊಟ್ಟಿತು.

ಚರ್ಚಿನ ಪೆಟ್ಟಿಗೆಯಲ್ಲಿ ಹುಟ್ಟು ಸಾವಿನ ಪುಸ್ತಕದ ಜೊತೆಗೆ ವಾರ್ಡನ್ನರ ಲೆಕ್ಕದ ಪುಸ್ತಕವೂ ಇರುತ್ತಿತ್ತು. ಡೆವನ್ನಿನ ಮೋರ್‌ಬಾತ್ 33 ಕುಟುಂಬಗಳ ಹಳ್ಳಿ. ಅಲ್ಲಿ ಕ್ರಿಸ್ಟಫರ್ ಟ್ರಿಕೀ ಎಂಬಾತ 1520ರಿಂದ 1574ರವರೆಗೆ, ನಾಲ್ವರು ಅರಸರ ಆಳ್ವಿಕೆಯಲ್ಲಿ, ಪಾದ್ರಿಯಾಗಿದ್ದ. ಊರಿನ ಲೆಕ್ಕವನ್ನು ತಾನೇ ಬರೆದು, ಜನರ ಮುಂದೆ ಓದಿ ಹೇಳುತ್ತಿದ್ದ. ಚರ್ಚಿನ ಕುರಿಗಳು ಯಾರ ಮಂದೆಯಲ್ಲಿವೆ, ಉಣ್ಣೆ ಎಷ್ಟಕ್ಕೆ ಮಾರಿತು ಎಲ್ಲವೂ ಅದರಲ್ಲಿ ಉಂಟು. ಶ್ರಾದ್ಧಪೂಜೆಯಲ್ಲಿ ಉಡುವ ಒಂದು ಜೊತೆ ಕಪ್ಪು ವಸ್ತ್ರಕ್ಕಾಗಿ ಅವನು ಸುಮಾರು 20 ವರ್ಷ ಕಾಸಿಗೆ ಕಾಸು ಕೂಡಿಸಿದ. ವಸ್ತ್ರ ಬಂದ ಸ್ವಲ್ಪ ಕಾಲದಲ್ಲೇ ಹೊಸ ಧರ್ಮಾಜ್ಞೆ ಆ ಪೂಜೆಯನ್ನೇ ನಿಲ್ಲಿಸಿತು. ಇತಿಹಾಸಕಾರ ಏಮನ್ ಡಫಿ 2001ರಲ್ಲಿ ಈ ಲೆಕ್ಕದ ಪುಸ್ತಕವನ್ನೇ ಆಧಾರವಾಗಿಟ್ಟುಕೊಂಡು ಒಂದು ಗ್ರಂಥವನ್ನೇ ಬರೆದ. ಅರಮನೆಯ ಇತಿಹಾಸದಲ್ಲಿ ಮತಪರಿವರ್ತನೆ ಒಂದು ಶಾಸನ. ಹಳ್ಳಿಯ ಲೆಕ್ಕದಲ್ಲಿ ಅದು ಒಬ್ಬ ಮುದುಕನ 20 ವರ್ಷದ ಉಳಿತಾಯ.

ಈ ಪುಸ್ತಕಗಳು ಕರುಣೆಯ ಕಥೆಯನ್ನು ಮಾತ್ರ ಹೇಳುತ್ತವೆಂದಲ್ಲ. ಬಡವರ ಪಾಲನೆ ಆಯಾ ಪ್ಯಾರಿಷ್ಷಿನ ಹೊಣೆ ಎಂದು 1601ರಲ್ಲಿ ಕಾನೂನಾಯಿತು. ಯಾರು ಯಾವ ಪ್ಯಾರಿಷ್ಷಿಗೆ ಸೇರಿದವರೆಂದು ನಿರ್ಧರಿಸಲು 1662ರಲ್ಲಿ ಮತ್ತೊಂದು ಕಾನೂನು ಬಂತು. ಮದುವೆಯಾಗದ ಹೆಣ್ಣಿನ ಮಗು ಹುಟ್ಟಿದ ಊರಿಗೇ ಸೇರಿದ್ದು. ಆದುದರಿಂದ, ದಿನ ತುಂಬಿದ ಬಡ ಹೆಣ್ಣನ್ನು, ಮಗುವಿನ ಖರ್ಚು ತಮ್ಮ ತಲೆಗೆ ಬಾರದಿರಲೆಂದು, ಎಲ್ಲೆಯಾಚೆಗೆ ಅಟ್ಟಿದ್ದೂ ಉಂಟು. ಯಾವ ಊರಿನ ಪುಸ್ತಕದಲ್ಲಿ ಹೆಸರು ಬಿದ್ದಿದೆ ಎಂಬುದರ ಮೇಲೆ ಒಂದು ಜೀವದ ಅನ್ನ ನಿಂತಿತ್ತು.

1754ರಿಂದ ಮದುವೆಯ ಪುಸ್ತಕದಲ್ಲಿ ವಧೂವರರು ಸಾಕ್ಷಿಗಳೊಡನೆ ರುಜು ಹಾಕಬೇಕಾಯಿತು. ಬಾರದವರು ಒಂದು ಕತ್ತರಿ ಗುರುತು ಹಾಕಿದರು. ವಿದ್ವಾಂಸರು ಈ ಗುರುತುಗಳನ್ನು ಎಣಿಸಿ, ಆ ಕಾಲದಲ್ಲಿ ನೂರಕ್ಕೆ ಸುಮಾರು 60 ಗಂಡಸರಿಗೆ, ಸುಮಾರು 40 ಹೆಂಗಸರಿಗೆ ಹೆಸರು ಬರೆಯಲು ಬರುತ್ತಿತ್ತೆಂದು ಲೆಕ್ಕ ಹಾಕಿದ್ದಾರೆ. ರಿಗ್ಲಿ, ಸ್ಕೋಫೀಲ್ಡ್ ಎಂಬಿಬ್ಬರು 404 ಪ್ಯಾರಿಷ್‌ಗಳ ಪುಸ್ತಕಗಳಿಂದ 1541ರಿಂದ 1871ರವರೆಗಿನ ಇಂಗ್ಲೆಂಡಿನ ಜನಸಂಖ್ಯೆಯ ಚರಿತ್ರೆಯನ್ನೇ ಕಟ್ಟಿ 1981ರಲ್ಲಿ ಪ್ರಕಟಿಸಿದರು. ಭಾನುವಾರ ನಾಲ್ಕು ಸಾಲು ಗೀಚಿದ ಹಳ್ಳಿಯ ಪಾದ್ರಿಗೆ ಇದು ಕನಸಿನಲ್ಲಾದರೂ ಹೊಳೆದೀತೆ?

1837ರ ಜುಲೈಯಿಂದ ಜನನ ಮರಣಗಳ ನೋಂದಣಿ ಸರ್ಕಾರದ ಕೆಲಸವಾಯಿತು. 1978ರ ಕಟ್ಟಳೆಯ ತರುವಾಯ ನೂರು ವರ್ಷ ದಾಟಿದ ಚರ್ಚಿನ ಪುಸ್ತಕಗಳಲ್ಲಿ ಬಹುಪಾಲು ಆಯಾ ಪ್ರಾಂತದ ದಾಖಲೆಯ ಭಂಡಾರಗಳಿಗೆ ಸೇರಿದುವು. ನಮ್ಮ ಬೆಂಗಳೂರು ದಂಡಿನ ಚರ್ಚುಗಳೂ ಸೇರಿದಂತೆ ಮದ್ರಾಸು ಪ್ರಾಂತದಿಂದ ಕಳಿಸಿದ ನಕಲುಗಳು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿವೆ. ಹಳ್ಳಿಯ ಚರ್ಚುಗಳಲ್ಲಿ ಹಳೆಯ ಪೆಟ್ಟಿಗೆಗಳು ಇಂದಿಗೂ ಕೆಲವು ಕಡೆ ಉಳಿದಿವೆ, ಒಳಗೆ ಪುಸ್ತಕವಿಲ್ಲದೆ.

ಕೊನೆಗೆ ನನ್ನ ತಪ್ಪೊಂದನ್ನು ಒಪ್ಪಿಕೊಳ್ಳುತ್ತೇನೆ. ಕೆಲವು ವರ್ಷಗಳ ಹಿಂದೆ ಹಳೆಯ ವಿದ್ಯಾರ್ಥಿಯೊಬ್ಬ ಬಂದ. ತಂದೆಯ ಹೆಸರಿನಲ್ಲಿ ಒಂದಕ್ಷರ ತಪ್ಪಾಗಿದ್ದುದರಿಂದ, ತಂದೆ ಸತ್ತ ಮೇಲೆ ಅವನು ಆರು ತಿಂಗಳು ಕಚೇರಿಯಿಂದ ಕಚೇರಿಗೆ ಅಲೆದಿದ್ದ. ಶಾಲೆಯ ಅಡ್ಮಿಷನ್ ರಿಜಿಸ್ಟರು ತೆಗೆಸಿ ನೋಡಿದೆ. ತಪ್ಪು ಅಲ್ಲಿಯೇ ಇತ್ತು, ಅಕ್ಷರ ನನ್ನದೇ. ಕನ್ನಡ ಪಂಡಿತನ ಕೈಬರಹ! “ಹೋಗಲಿ ಬಿಡಿ ಸಾರ್, ಸರಿಯಾಯ್ತಲ್ಲ” ಎಂದು ಅವನೇ ನನ್ನನ್ನು ಸಮಾಧಾನ ಮಾಡಿದ. ಅಂದಿನಿಂದ ಹೆಸರು ಬರೆದ ಮೇಲೆ ತಂದೆತಾಯಿಗಳಿಗೆ ಒಮ್ಮೆ ಗಟ್ಟಿಯಾಗಿ ಓದಿ ಹೇಳುತ್ತೇನೆ. ಅವರು ಹೌದೆಂದ ಮೇಲೆಯೇ ಪುಸ್ತಕ ಮುಚ್ಚುತ್ತೇನೆ.