ಬೆನ್ನಿಗೆ ನಿಂತವರು

ಒಬ್ಬರಿಗೆ ಒತ್ತಾಸೆಯಾಗಿರುವುದನ್ನು ಕನ್ನಡದಲ್ಲಿ ‘ಬೆನ್ನಿಗೆ ನಿಲ್ಲುವುದು’ ಎನ್ನುತ್ತೇವೆ. ಈ ಮಾತು ಅಕ್ಷರಶಃ ನಿಜವಾದ ಪ್ರಸಂಗವೊಂದನ್ನು ಈ ಹೊತ್ತು ಕೇಳುಗರ ಮುಂದಿಡಬೇಕೆಂದಿದ್ದೇನೆ. ನಾನು ವೈದ್ಯನಲ್ಲ, ಕನ್ನಡ ಪಾಠ ಹೇಳಿಕೊಂಡು ಆಯುಷ್ಯ ಕಳೆದವನು. ಆದರೂ ವಿದ್ಯೆ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟುವ ಬಗೆ ಯಾವ ಅಧ್ಯಾಪಕನಿಗೂ ಹೊರಗಿನ ವಿಷಯವಲ್ಲವಷ್ಟೆ.

1944ರ ನವೆಂಬರ್ 29ರಂದು, ಅಮೆರಿಕದ ಬಾಲ್ಟಿಮೋರ್ ನಗರದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ, ಹದಿನೈದು ತಿಂಗಳ ಹೆಣ್ಣುಮಗುವೊಂದನ್ನು ಶಸ್ತ್ರಕ್ರಿಯೆಗೆ ಮಲಗಿಸಿದ್ದರು. ಹುಟ್ಟಿನಿಂದ ಬಂದ ಹೃದಯದೋಷದಿಂದಾಗಿ ಶ್ವಾಸಕೋಶಗಳಿಗೆ ಸಾಕಷ್ಟು ರಕ್ತ ಹೋಗದೆ ಮಗುವಿನ ಮೈ ನೀಲಿಗಟ್ಟಿತ್ತು. ತೋಳಿನ ಕಡೆಗೆ ಹೋಗುವ ರಕ್ತನಾಳವೊಂದನ್ನು ತಿರುಗಿಸಿ ಶ್ವಾಸಕೋಶದ ನಾಳಕ್ಕೆ ಹೊಲಿಯಬೇಕಾಗಿತ್ತು. ಕತ್ತರಿ ಹಿಡಿದವರು ಆಲ್ಫ್ರೆಡ್ ಬ್ಲೇಲಾಕ್ ಎಂಬ ಹೆಸರಾಂತ ಶಸ್ತ್ರವೈದ್ಯರು. ಅವರ ಬೆನ್ನ ಹಿಂದೆ ಸ್ಟೂಲಿನ ಮೇಲೆ ನಿಂತು, ಹೆಗಲ ಮೇಲಿಂದ ನೋಡುತ್ತ, ಹೊಲಿಗೆ ಎತ್ತ ಸಾಗಬೇಕೆಂದು ಹೇಳಿಕೊಡುತ್ತಿದ್ದವರು ವಿವಿಯನ್ ಥಾಮಸ್. ಅವರು ವೈದ್ಯರಲ್ಲ, ಕಾಲೇಜಿನ ಪದವೀಧರರೂ ಅಲ್ಲ, ಕಪ್ಪು ಜನಾಂಗದವರು. ಪ್ರಯೋಗಾಲಯದ ನಾಯಿಗಳ ಮೇಲೆ ಆ ಹೊಲಿಗೆಯನ್ನು ಮತ್ತೆ ಮತ್ತೆ ಹಾಕಿ ಪಳಗಿದ್ದ ಕೈ ಅವರದು.

(ಈ ಶಸ್ತ್ರಕ್ರಿಯೆಯ ಹೊಳಹು ಬಂದದ್ದು ಹೆಲೆನ್ ಟಾಸಿಗ್ ಎಂಬ ಮಕ್ಕಳ ವೈದ್ಯೆಗೆ. ಹೆಂಗಸೆಂಬ ಕಾರಣಕ್ಕೆ ಹಾರ್ವರ್ಡ್ ಅವರಿಗೆ ವೈದ್ಯಪದವಿಯ ಬಾಗಿಲು ತೆರೆಯಲಿಲ್ಲ. ಕಿವಿ ಮಂದವಾದ ಮೇಲೆ ಮಕ್ಕಳ ಎದೆಬಡಿತವನ್ನು ಬೆರಳಿನಿಂದಲೇ ಅರಿಯುತ್ತಿದ್ದರು. ನಮ್ಮ ದೇಶದ ಹೃದ್ರೋಗತಜ್ಞೆ ಎಸ್. ಪದ್ಮಾವತಿಯವರು ಮುಂದೆ ಇವರ ಬಳಿ ಕಲಿತು ಬಂದವರು. ಇವರದು ಬೇರೆಯೇ ಒಂದು ಭಾಷಣಕ್ಕಾಗುವ ಕಥೆ.)

1910ರಲ್ಲಿ ಹುಟ್ಟಿದ ಥಾಮಸ್ ಬಡಗಿಯ ಮಗ. ತಾವೂ ಬಡಗಿ ಕೆಲಸ ಬಲ್ಲವರು. ವೈದ್ಯನಾಗಲೆಂದು ಕೂಡಿಟ್ಟ ಹಣ 1930ರಲ್ಲಿ ಬ್ಯಾಂಕಿನೊಡನೆ ಮುಳುಗಿತು. ಅದೇ ವರ್ಷ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದಲ್ಲಿ ಬ್ಲೇಲಾಕರ ಪ್ರಯೋಗಾಲಯ ಸೇರಿದರು. ಮಾಡುತ್ತಿದ್ದುದು ಸಂಶೋಧನೆ, ಸಂಬಳದ ಪಟ್ಟಿಯಲ್ಲಿ ಮಾತ್ರ ಕಸಗುಡಿಸುವವರ ದರ್ಜೆ. 1941ರಲ್ಲಿ ಗುರುವಿನೊಡನೆ ಬಾಲ್ಟಿಮೋರಿಗೆ ಬಂದರು. ಮುಂದೆ ಜಗದ್ವಿಖ್ಯಾತರಾದ ಡೆಂಟನ್ ಕೂಲಿಯಂತಹ ಬಿಳಿಯ ತರುಣರು ಇವರಿಂದ ಕೈಚಳಕ ಕಲಿತರು. ಸಂಬಳ ಸಾಲದೆ, ಬ್ಲೇಲಾಕರ ಮನೆಯ ಕೂಟಗಳಲ್ಲಿ ಹಗಲು ತಾವೇ ಪಾಠ ಹೇಳಿದವರಿಗೆ ಸಂಜೆ ಪಾನೀಯ ಹಂಚುತ್ತಿದ್ದುದೂ ಉಂಟು. 1945ರಲ್ಲಿ ಆ ಶಸ್ತ್ರಕ್ರಿಯೆಯ ಲೇಖನ ಅಚ್ಚಾದಾಗ ಲೇಖಕರಾಗಿ ಬ್ಲೇಲಾಕ್ ಮತ್ತು ಟಾಸಿಗ್ ಇದ್ದರು, ಥಾಮಸರ ಹೆಸರಿರಲಿಲ್ಲ. ಬ್ಲೇಲಾಕರು ಶಿಷ್ಯನನ್ನು ಬಿಟ್ಟುಕೊಡದೆ ಜೊತೆಗೆ ಕರೆತಂದವರು ನಿಜ. ಆದರೆ ಕೈಗೆ ಕೆಲಸ ಕೊಟ್ಟ ಔದಾರ್ಯ ಹೆಸರು ಕೊಡುವಲ್ಲಿ ಮುಗ್ಗರಿಸಿತೆಂದೇ ನನ್ನ ಭಾವನೆ.

ಶಸ್ತ್ರವೈದ್ಯ ಬರಿಯ ಪುಸ್ತಕದಿಂದ ಬರುವ ವಿದ್ಯೆಯಲ್ಲ. ಹಿರಿಯನು ತನ್ನ ಕೈಯ ಕತ್ತರಿಯನ್ನು ಕಿರಿಯನಿಗೆ ಎಂದು ಕೊಡುತ್ತಾನೆ, ಯಾರಿಗೆ ಕೊಡುತ್ತಾನೆ ಎಂಬುದರ ಮೇಲೆ ಬಾಳು ನಿಂತಿದೆ. ತನ್ನಂತೆ ಕಾಣುವ, ತನ್ನಂತೆ ಮಾತನಾಡುವ ಹುಡುಗನ ಕಡೆಗೇ ಕೈ ತಾನಾಗಿ ಚಾಚುವುದು ಲೋಕರೂಢಿ. ಮನೆತನದಲ್ಲಿ ಮೊದಲು ಕಾಲೇಜು ಕಂಡವರು ನನ್ನ ತರಗತಿಗಳಲ್ಲಿಯೂ ಇದ್ದರು. ಹಳಗನ್ನಡ ಅವರಿಗೆ ತೊಡಕೆನಿಸಲಿಲ್ಲ. ಪ್ರಾಧ್ಯಾಪಕರ ಕೋಣೆಯ ಬಾಗಿಲು ತಟ್ಟಬಹುದೇ ಕೂಡದೇ ಎಂಬುದು ತೊಡಕಾಗಿತ್ತು. ಪ್ರವೇಶ ಕೊಟ್ಟ ಸಂಸ್ಥೆ ತನ್ನ ಕರ್ತವ್ಯ ಮುಗಿಯಿತೆಂದು ಕೈತೊಳೆದುಕೊಂಡರೆ, ಆ ಬಾಗಿಲಿನ ಹೊರಗೇ ಎಷ್ಟೋ ಪ್ರತಿಭೆಗಳು ನಿಂತು ಹಿಂದಿರುಗುತ್ತವೆ.

1971ರಲ್ಲಿ ಥಾಮಸರಿಂದ ಕಲಿತ ಶಸ್ತ್ರವೈದ್ಯರು ಅವರ ಭಾವಚಿತ್ರವನ್ನು ಬರೆಯಿಸಿ ಆಸ್ಪತ್ರೆಗೆ ಒಪ್ಪಿಸಿದರು. 1976ರಲ್ಲಿ ಗೌರವ ಡಾಕ್ಟರೇಟ್ ಬಂದಿತು. ಅದೂ ವೈದ್ಯಶಾಸ್ತ್ರದ್ದಲ್ಲ, ನ್ಯಾಯಶಾಸ್ತ್ರದ್ದು! ಆ ಭಾವಚಿತ್ರವನ್ನು ನೋಡಿದ್ದ ಲೀವೈ ವಾಟ್ಕಿನ್ಸ್ ಎಂಬ ಕಪ್ಪು ಜನಾಂಗದ ತರುಣ ವೈದ್ಯರು ಒಂದು ದಿನ ಆಸ್ಪತ್ರೆಯ ಊಟದ ಸಾಲಿನಲ್ಲಿ ಥಾಮಸರನ್ನು ಗುರುತುಹಿಡಿದರು. ಥಾಮಸ್ ನಕ್ಕು ತಮ್ಮ ಕೋಣೆಗೆ ಕರೆದರು. ಬಾಗಿಲು ತಟ್ಟುವ ಪ್ರಶ್ನೆಯೇ ಬರಲಿಲ್ಲ. ಥಾಮಸ್ 1985ರಲ್ಲಿ ತೀರಿಕೊಳ್ಳುವವರೆಗೂ ಆ ಸಲಹೆ, ಆ ಸಲುಗೆ ನಡೆದುಬಂದಿತು.

ಈ ವಾಟ್ಕಿನ್ಸರೇ, ಥಾಮಸರನ್ನು ಕಸಗುಡಿಸುವವರ ದರ್ಜೆಯಲ್ಲಿಟ್ಟಿದ್ದ ಅದೇ ವ್ಯಾಂಡರ್‌ಬಿಲ್ಟಿನ ವೈದ್ಯಕೀಯ ಶಾಲೆಗೆ 1966ರಲ್ಲಿ ಸೇರಿದ ಮೊದಲ ಕಪ್ಪು ವಿದ್ಯಾರ್ಥಿ. ಹಾಪ್ಕಿನ್ಸಿನ ಹೃದಯ ಶಸ್ತ್ರಚಿಕಿತ್ಸಾ ವಿಭಾಗದಲ್ಲಿ ಮುಖ್ಯ ನಿವಾಸಿ ವೈದ್ಯರಾದ ಮೊದಲ ಕಪ್ಪು ಜನಾಂಗದವರೂ ಅವರೇ. 1980ರ ಫೆಬ್ರವರಿಯಲ್ಲಿ, ಲಯ ತಪ್ಪಿದ ಹೃದಯವನ್ನು ವಿದ್ಯುತ್ತಿನಿಂದ ತಾನಾಗಿ ಸರಿಪಡಿಸುವ ಯಂತ್ರವನ್ನು ಮನುಷ್ಯನ ದೇಹದೊಳಗೆ ಮೊದಲ ಬಾರಿಗೆ ಇಟ್ಟವರು ಅವರು. ಅದಕ್ಕೆ ಒಂದು ವರ್ಷ ಮೊದಲು, 1979ರಲ್ಲಿ, ವೈದ್ಯಕೀಯ ಶಾಲೆಯ ಪ್ರವೇಶ ಸಮಿತಿಯಲ್ಲಿ ಅವರಿಗೆ ಸ್ಥಾನ ದೊರೆತಿತ್ತು. ಬಂದ ಅರ್ಜಿಗಳನ್ನಷ್ಟೆ ಅಳೆಯುತ್ತ ಕೂರದೆ, ದೇಶದ ನಾನಾ ಕಡೆಯ ಕಪ್ಪು ವಿದ್ಯಾರ್ಥಿಗಳಿಗೆ ತಾವೇ ಪತ್ರ ಬರೆದು, ಬನ್ನಿರೆಂದು ಕರೆಯತೊಡಗಿದರು.