ಒಳಹೊಕ್ಕವನು ಹೊರಬರುವ ಬಗೆ



ಹಳಗನ್ನಡದ ಪಾಠ ಹೇಳುತ್ತ ತಲೆ ನರೆಯಿಸಿಕೊಂಡ ನನ್ನಂಥವನು ಗಣಕಯಂತ್ರದ ಬಂದೂಕಿನ ಆಟವೊಂದರ ವಿಷಯವಾಗಿ ಮಾತನಾಡಲು ಹೊರಟರೆ ನಿಮಗೆ ನಗು ಬಂದೀತು. ನಗಬಹುದು, ತಪ್ಪಿಲ್ಲ. ಆದರೆ ನಿಮ್ಮ ಮನೆಯ ಒಳಕೋಣೆಯಲ್ಲಿ, ಕಿವಿಗೆ ಹೆಡ್‌ಫೋನು ಸಿಕ್ಕಿಸಿಕೊಂಡು ರಾತ್ರಿ ಹನ್ನೊಂದರ ಮೇಲೂ ಯಾರೊಡನೆಯೋ ಪಿಸುಗುಟ್ಟುವ ಹುಡುಗನೊಬ್ಬನಿದ್ದರೆ, ನಕ್ಕು ಮುಗಿದ ಮೇಲೆ ಹತ್ತು ನಿಮಿಷ ಕಿವಿಗೊಡಿ. ನಾನೇ ಮಾಡಿದ ಒಂದು ತಪ್ಪಿನಿಂದ ನನಗೆ ತಿಳಿದು ಬಂದುದನ್ನಷ್ಟೇ ಹೇಳುತ್ತೇನೆ.

ನನ್ನ ತಂಗಿಯ ಮನೆ ಕುಮಟಾದಲ್ಲಿ. ಅವಳ ಮಗ ಪದವಿ ತರಗತಿಯ ವಿದ್ಯಾರ್ಥಿ, ಇಪ್ಪತ್ತು ತುಂಬಿದವನು. ಕೆಟ್ಟ ಹುಡುಗನಲ್ಲ. ಚೌತಿಯ ರಜೆಯಲ್ಲಿ ನಾನು ಹೊನ್ನಾವರದಿಂದ ಅಲ್ಲಿಗೆ ಹೋದಾಗ ತಂಗಿ ಚಕ್ಕುಲಿಯ ತಟ್ಟೆಯ ಜೊತೆಗೇ ತನ್ನ ದೂರನ್ನೂ ತಂದಿಟ್ಟಳು. “ಊಟಕ್ಕೆ ಕರೆದರೆ ಏಳುವುದಿಲ್ಲ. ಕೇಳಿದರೆ, ಈಗ ಎದ್ದರೆ ಎಲ್ಲಾ ಹೋಗುತ್ತದೆ ಎನ್ನುತ್ತಾನೆ. ಏನು ಹೋಗುತ್ತದೆಯೋ ದೇವರಿಗೇ ಗೊತ್ತು. ನೀನು ಮಾಸ್ತರ, ನೀನಾದರೂ ಬುದ್ಧಿ ಹೇಳು” ಎಂದಳು.

ಆ ರಾತ್ರಿ ಎಲೆ ಹಾಕಿ ಮೂರು ಸಲ ಕರೆದದ್ದಾಯಿತು. ಮೂರು ಸಲವೂ “ಬಂದೆ” ಎಂಬ ಉತ್ತರ ಬಂತು, ಹುಡುಗ ಬರಲಿಲ್ಲ. ತರಗತಿಯಲ್ಲಿ ಗದ್ದಲವಾದರೆ ಮೇಜು ಕುಟ್ಟಿ ಅಭ್ಯಾಸವಾದ ಕೈ ಇದು. ಜಗಲಿಯ ಗೋಡೆಯ ಮೇಲೆ ಹಸಿರು ದೀಪ ಮಿನುಗಿಸುತ್ತಿದ್ದ ಇಂಟರ್ನೆಟ್ಟಿನ ಪೆಟ್ಟಿಗೆಯ ಬಳಿಗೆ ಹೋಗಿ ಗುಂಡಿಯನ್ನು ಆರಿಸಿಯೇಬಿಟ್ಟೆ. ಕೋಣೆಯಿಂದ ಕೂಗು ಕೇಳೀತೆಂದು ಕಾದೆ. ಕೂಗು ಬರಲಿಲ್ಲ. ಹುಡುಗ ಹೊರಗೆ ಬಂದ, ಪೆಟ್ಟಿಗೆಯನ್ನು ನೋಡಿದ, ನನ್ನನ್ನು ನೋಡಿದ, ಮುಖ ಬಿಳಚಿಕೊಂಡಿತ್ತು. ಎಲೆಯ ಮುಂದೆ ಕುಳಿತು ಅನ್ನ ಕಲಸಿ ಹಾಗೆಯೇ ಎದ್ದ. ಎರಡು ದಿನ ನನ್ನೊಡನೆ ಮಾತಿಲ್ಲ. ಮೂರನೆಯ ದಿನ ಮಳೆ ಹಿಡಿದ ಬೆಳಗಿನಲ್ಲಿ ನಾನೇ ಸೋತು, “ಅಂದು ಹೋದದ್ದೇನು, ಹೇಳಪ್ಪ” ಎಂದು ಕೇಳಿದೆ. ಅವನು ಹೇಳಿದ. ಅನಂತರ ನಾಲ್ಕು ರಾತ್ರಿ ಅವನ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕುಳಿತು ನೋಡಿದೆ.

ಆಟದ ಹೆಸರು ‘ಎಸ್ಕೇಪ್ ಫ್ರಮ್ ತಾರ್ಕೋವ್’. ತಾರ್ಕೋವಿನಿಂದ ಪಾರಾಗುವುದು ಎಂದರ್ಥ. ರಷ್ಯದ ಸೇಂಟ್ ಪೀಟರ್ಸ್‌ಬರ್ಗ್ ನಗರದ ಬ್ಯಾಟಲ್‌ಸ್ಟೇಟ್ ಗೇಮ್ಸ್ ಎಂಬವರು ಇದನ್ನು ಕಟ್ಟಿದರು. 2017ರಿಂದ ಪರೀಕ್ಷಾರೂಪದಲ್ಲಿಯೇ ನಡೆದು ಬಂದು, 2025ರ ನವೆಂಬರಿನಲ್ಲಿ ಪೂರ್ಣರೂಪದಲ್ಲಿ ಹೊರಬಿತ್ತು. ತಾರ್ಕೋವ್ ಒಂದು ಕಲ್ಪಿತ ನಗರ, ಯುದ್ಧದಲ್ಲಿ ಹಾಳಾದುದು. ಆಟಗಾರ ತನ್ನ ಉಗ್ರಾಣದಿಂದ ಬಂದೂಕು, ಗುಂಡು, ಕವಚ, ಔಷಧ ಹೊತ್ತುಕೊಂಡು ಅದರೊಳಗೆ ಹೋಗಬೇಕು, ಸಿಕ್ಕಿದ ಸಾಮಾನು ಚೀಲಕ್ಕೆ ತುಂಬಬೇಕು, ಗೊತ್ತುಮಾಡಿದ ಬಾಗಿಲಿನಿಂದ ಸುಮಾರು 40 ನಿಮಿಷದೊಳಗೆ ಹೊರಗೆ ಬರಬೇಕು. ಹೊರಬಂದರೆ ಹೊತ್ತು ತಂದುದೆಲ್ಲಾ ಅವನದು. ಒಳಗೆ ಸತ್ತರೆ, ಸಂಗಡ ಒಯ್ದುದೂ ಹೋಯಿತು, ಅಲ್ಲಿ ಗಳಿಸಿದುದೂ ಹೋಯಿತು. ಒಂದು ಪುಟ್ಟ ಭದ್ರಪೆಟ್ಟಿಗೆಯಲ್ಲಿಟ್ಟದ್ದು ಮಾತ್ರ ಉಳಿಯುತ್ತದೆ. ಹೊತ್ತು ಮೀರಿದರೂ ಸತ್ತಂತೆಯೇ ಲೆಕ್ಕ.

ಕಠಿಣತೆ ಇಷ್ಟಕ್ಕೇ ಮುಗಿಯಲಿಲ್ಲ. ದೇಹವನ್ನು ತಲೆ, ಎದೆ, ಹೊಟ್ಟೆ, ಎರಡು ಕೈ, ಎರಡು ಕಾಲು ಎಂದು ಏಳು ಭಾಗ ಮಾಡಿದ್ದಾರೆ. ಕಾಲಿಗೆ ಗುಂಡು ತಗಲಿದರೆ ಕುಂಟಬೇಕು. ಮೂಳೆ ಮುರಿದರೆ ಪಟ್ಟಿ ಕಟ್ಟಬೇಕು. ರಕ್ತ ಸೋರುತ್ತಿದ್ದರೆ ನಿಲ್ಲಿಸಬೇಕು. ನೀರಡಿಕೆ ಹಸಿವೆಗಳೂ ಉಂಟು. ಬಂದೂಕಿನಲ್ಲಿ ಇನ್ನೆಷ್ಟು ಗುಂಡಿದೆಯೆಂದು ಪರದೆ ಹೇಳುವುದಿಲ್ಲ; ತೆಗೆದು ನೋಡಬೇಕು, ಇಲ್ಲವೆ ಎಣಿಸುತ್ತಿರಬೇಕು. ಎಲ್ಲಿದ್ದೇನೆಂದು ತೋರಿಸುವ ನಕಾಶೆ ಮೂಲೆಯಲ್ಲಿಲ್ಲ. ದಾರಿಯನ್ನು ಬಾಯಿಪಾಠ ಮಾಡಿಯೇ ತಿಳಿಯಬೇಕು. ಹಿಂದೆ ನಾವು ಅಮರಕೋಶವನ್ನು ಮಾಡಿದಂತೆ.

ಮೊದಲ ರಾತ್ರಿ ನಾನು ಕಂಡದ್ದು ಇಷ್ಟು: ಅರ್ಧ ಗಂಟೆ ಹುಡುಗ ಹುಲ್ಲಿನಲ್ಲಿ ತೆವಳಿದ, ಗೋಡೆಗೆ ಒರಗಿ ಹೆಜ್ಜೆಯ ಸಪ್ಪಳಕ್ಕೆ ಕಿವಿಗೊಟ್ಟ, ಒಂದು ಮನೆಯಲ್ಲಿ ಏನೇನೋ ಆಯ್ದುಕೊಂಡ. ಬಾಗಿಲು ಇನ್ನು ನೂರು ಮಾರಿನೊಳಗಿದೆ ಎನ್ನುವಾಗ ಎಲ್ಲಿಂದಲೋ ಒಂದು ಗುಂಡು ಬಂತು. ಪರದೆ ಕಪ್ಪಾಯಿತು. ಹೊಡೆದವನು ಯಾರೆಂದು ಕಣ್ಣಿಗೂ ಬೀಳಲಿಲ್ಲ. “ಇದೇ ಆಟವೇ?” ಎಂದೆ. “ಇದೇ ಆಟ, ಮಾವ” ಎಂದ.

ಬೇಸರಗಳಿಗೆ ಕೊನೆಯಿಲ್ಲ. ಹೊಸಬನು ತಿಂಗಳುಗಟ್ಟಲೆ ಸಾಯುತ್ತಲೇ ಕಲಿಯಬೇಕು. ಹಳಬರು ಒಳ್ಳೆಯ ಕವಚ ತೊಟ್ಟು ಅವನಿಗಾಗಿಯೇ ಕಾದಿರುತ್ತಾರೆ. ಗೋಡೆಯಾಚೆ ಕಾಣುವಂಥ ಕಳ್ಳ ಉಪಾಯಗಳಿಂದ ಆಡುವವರ ಕಾಟ ಬೇರೆ. ಪರೀಕ್ಷಾರೂಪದ ವರ್ಷಗಳಲ್ಲಿ ಆರೇಳು ತಿಂಗಳಿಗೊಮ್ಮೆ ಎಲ್ಲರ ಗಳಿಕೆಯನ್ನೂ ಅಳಿಸಿ ಮತ್ತೆ ಮೊದಲಿನಿಂದ ಎನ್ನುತ್ತಿದ್ದರು. ಇವಕ್ಕೆಲ್ಲ ನಮ್ಮ ಕರಾವಳಿಯ ಸ್ವಂತ ಕಾಣಿಕೆಗಳೂ ಉಂಟು. ಆಷಾಢದ ಗಾಳಿಗೆ ಒಂದು ಮರದ ಕೊಂಬೆ ತಂತಿಯ ಮೇಲೆ ಬಿದ್ದರೆ ಸಾಕು, ಊರೇ ಕತ್ತಲು, ಹುಡುಗನ ವಾರದ ದುಡಿಮೆ ನೀರಿನಲ್ಲಿ ಹೋಮ. ದೂರದ ಬಾಧೆಯೂ ಇದೆ. ಆಟದ ಲೆಕ್ಕವಿಡುವ ಯಂತ್ರ ಎಲ್ಲಿಯೋ ಪರದೇಶದ ಪಟ್ಟಣದಲ್ಲಿದ್ದರೆ, ಸುದ್ದಿ ಅಲ್ಲಿಗೆ ಹೋಗಿ ಬರಬೇಕಷ್ಟೆ. ಗಾಜಿನ ಎಳೆಯಲ್ಲಿ ಬೆಳಕಿನ ವೇಗ ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರು. 4,000 ಕಿಲೋಮೀಟರು ಹೋಗಿ ಬರುವುದಕ್ಕೆ ಸೆಕೆಂಡಿನ 25ನೆಯ ಒಂದು ಪಾಲು ಬೇಕು; ನಡುವಿನ ಕಟ್ಟೆಗಳಲ್ಲಿ ತಡೆದು ನಿಂತರೆ ಇನ್ನೂ ಹೆಚ್ಚು. ಅಷ್ಟರಲ್ಲಿ ಎದುರಾಳಿ ಹೊಡೆದು ಮುಗಿಸಿರುತ್ತಾನೆ.

ಹಾಗಾದರೆ ಇದರಲ್ಲಿ ಸುಖವೆಲ್ಲಿದೆ? ಈ ಪ್ರಶ್ನೆಗೆ ಹುಡುಗ ಕೊಟ್ಟ ಉತ್ತರವನ್ನು ನಾನು ಮರೆಯಲಾರೆ. ನಿಮ್ಮಲ್ಲಿ ಬಹುಮಂದಿಗೆ ಪಬ್ಜಿಯ ಹೆಸರು ಗೊತ್ತು. 2020ರ ಸೆಪ್ಟೆಂಬರ್ 2ರಂದು ಕೇಂದ್ರ ಸರ್ಕಾರ 118 ಆ್ಯಪ್‌ಗಳನ್ನು ನಿಷೇಧಿಸಿದಾಗ ಅದೂ ಸೇರಿತ್ತು. ಮರುವರ್ಷ ಬೇರೊಂದು ಹೆಸರು ತೊಟ್ಟು ಬಂತು. ಅದರಲ್ಲಿ ನೂರು ಮಂದಿ ಒಂದು ದ್ವೀಪಕ್ಕೆ ಇಳಿದು ಹೊಡೆದಾಡಿ ಕೊನೆಗೆ ಉಳಿದವರು ಗೆಲ್ಲುತ್ತಾರೆ. ಸತ್ತವನಿಗೆ ನಷ್ಟವೇನೂ ಇಲ್ಲ. ಮರುಕ್ಷಣವೇ ಎಲ್ಲರ ಸಮಕ್ಕೆ ಹೊಸ ಆಟ. “ಅದರಲ್ಲಿ ಗೆದ್ದರೆ ಸಂತೋಷ, ಮಾವ. ಇದರಲ್ಲಿ ಯಾರನ್ನೂ ಹೊಡೆಯದೆ, ಒಂದು ಬ್ಯಾಟರಿ, ನಾಲ್ಕು ಮೊಳೆ ಹಿಡಿದುಕೊಂಡು ಸುಮ್ಮನೆ ಹೊರಗೆ ಬಂದರೂ ಸಂತೋಷ. ಕಳೆದುಹೋಗಬಹುದಾಗಿತ್ತು, ಕಳೆದುಹೋಗಲಿಲ್ಲ, ಅಷ್ಟೇ” ಎಂದ. ಹಾಗೆನ್ನುವಾಗ ಅವನ ಕೈ ಸಣ್ಣಗೆ ನಡುಗುತ್ತಿತ್ತು. ಆಗ ತಾನೆ ಬಾಗಿಲು ದಾಟಿ ಬಂದಿದ್ದ.

ಇಲ್ಲಿ ನನಗೆ ಅಭಿಮನ್ಯುವಿನ ನೆನಪಾಯಿತು. ಆಗದಿದ್ದರೆ ನಾನು ಕನ್ನಡ ಪಂಡಿತನಾದದ್ದು ವ್ಯರ್ಥ. ಯುದ್ಧದ ಹದಿಮೂರನೆಯ ದಿನ ದ್ರೋಣ ಚಕ್ರವ್ಯೂಹ ಹೂಡಿದ. ಹೊಗುವುದನ್ನು ಬಲ್ಲ, ಹೊರಡುವುದನ್ನು ಅರಿಯದ ಹುಡುಗ ಅದನ್ನು ಹೊಕ್ಕ. ಹಿಂದೆಯೇ ಬರುತ್ತೇವೆಂದ ಹಿರಿಯರನ್ನು ಸೈಂಧವ ಬಾಗಿಲಲ್ಲೇ ತಡೆದ. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಇಡಗುಂಜಿ ಮೇಳ ಕಟ್ಟಿದ ಗುಣವಂತೆ ನಮ್ಮ ಹೊನ್ನಾವರ ತಾಲ್ಲೂಕಿನದೇ. ಈ ಸೀಮೆಯಲ್ಲಿ ಅಭಿಮನ್ಯು ಕಾಳಗ ನೋಡದೆ ಬೆಳೆದ ಮಕ್ಕಳು ನನ್ನ ಪೀಳಿಗೆಯಲ್ಲಿ ವಿರಳ. ಹುಡುಗ ಸಾಯುತ್ತಾನೆಂದು ಗೊತ್ತಿದ್ದೂ ಬೆಳಗಿನ ಜಾವದವರೆಗೆ ಕಣ್ಣು ಬಿಟ್ಟು ಕೂರುತ್ತಿದ್ದೆವು. ಕಳೆದುಕೊಳ್ಳುವ ಭಯವಿಲ್ಲದ ಕಡೆ ರಸವೂ ಇಲ್ಲ ಎಂಬುದು ನಮಗೇನು ಹೊಸ ಸಂಗತಿಯೆ?

ಆದರೆ ನನ್ನನ್ನು ಚುಚ್ಚಿದ್ದು ಬೇರೆ. ನಾನು ಗುಂಡಿ ಆರಿಸಿದ ರಾತ್ರಿ ಅವನು ಒಬ್ಬನೇ ಇರಲಿಲ್ಲ. ಭಟ್ಕಳದ ಒಬ್ಬ ಸಹಪಾಠಿ, ದುಬೈಯಲ್ಲಿ ಕೆಲಸಕ್ಕಿರುವ ಆ ಸಹಪಾಠಿಯ ಅಣ್ಣ, ಮೂವರೂ ಕೂಡಿ ಹೋಗಿದ್ದರು. ಅಣ್ಣ ತಮ್ಮಂದಿರು ಮುಖ ನೋಡುವುದು ಎರಡು ವರ್ಷಕ್ಕೊಮ್ಮೆ. ಮನೆಯ ಸುದ್ದಿ, ತಾಯಿಯ ಮಂಡಿನೋವಿನ ಸುದ್ದಿ, ಎಲ್ಲಾ ಈ ಆಟದ ನಡುವೆಯೇ ಅವರ ನವಾಯತಿಯಲ್ಲಿ ಸಾಗುತ್ತದೆಯಂತೆ. ಈ ಆಟದ ಒಂದು ಗುಣವೇನೆಂದರೆ, ಸಂಪರ್ಕ ಕಡಿದರೂ ಆಟಗಾರನ ದೇಹ ಅಲ್ಲಿಯೇ ನಿಂತಿರುತ್ತದೆ, ಮಾತಿಲ್ಲದೆ, ಚಲನೆಯಿಲ್ಲದೆ. ಅವನು ಮರಳಿ ಬಂದಾನೆಂದು ಆ ಇಬ್ಬರೂ ಬಾಗಿಲಿಗೆ ಓಡದೆ ಅವನ ಪಕ್ಕದಲ್ಲಿ ಕಾದು ನಿಂತರು. ಮೂವರೂ ಸತ್ತರು. ನಾನು ಅಭಿಮನ್ಯುವನ್ನು ಉಳಿಸಲು ಹೊರಟವನು, ಮಾಡಿದ್ದು ಸೈಂಧವನ ಕೆಲಸ! ಹೋದದ್ದು ಬೊಂಬೆ ಬಂದೂಕುಗಳೇ ಇರಬಹುದು. ಆದರೆ ಕಾದು ನಿಂತ ಗೆಳೆತನ ಬೊಂಬೆಯದಾಗಿರಲಿಲ್ಲ. ಆ ಬೆಳಿಗ್ಗೆ ನಾನು ಹುಡುಗನ ಕ್ಷಮೆ ಕೇಳಿದೆ.

ಹೊನ್ನಾವರಕ್ಕೆ ಮರಳಿದ ಮೇಲೆ ಈ ಕತೆಯನ್ನು ಶರಾವತಿಯ ಆಚೆಯ ಕಾಸರಕೋಡಿನ ದಕ್ಕೆಯಲ್ಲಿ ನನ್ನ ಹಳೆಯ ಶಿಷ್ಯನೊಬ್ಬನಿಗೆ ಹೇಳಿದೆ. ಅವನದು ಮೀನುಗಾರಿಕೆ. ಇಲ್ಲಿನ ಅಳಿವೆಯಲ್ಲಿ ಹೂಳು ತುಂಬಿ ದೋಣಿಗಳು ತಾಗುವುದನ್ನು ನೀವು ಬಲ್ಲಿರಿ. ಕಡಲಲ್ಲಿ ಎರಡು ಹಗಲು ದುಡಿದು ತುಂಬಿಕೊಂಡು ಬಂದದ್ದು ಮನೆಯ ಬಾಗಿಲಲ್ಲೇ ಮಗುಚಿಕೊಳ್ಳಬಹುದು. ಅವನು ನಗಲಿಲ್ಲ. “ಮಾಸ್ತರೇ, ದಕ್ಕೆಗೆ ಬಂದದ್ದೇ ಮೀನು. ಬಲೆಯಲ್ಲಿದ್ದದ್ದು ಲೆಕ್ಕಕ್ಕಿಲ್ಲ” ಎಂದ. ಸ್ವಲ್ಪ ತಡೆದು, “ಇನ್ನೊಂದು ಬಲೆ ಹಾಕುವ ಆಸೆಗೆ ಗಾಳಿ ನೋಡದೆ ನಿಂತವನೇ ಸಿಕ್ಕಿಬೀಳುವುದು” ಎಂದೂ ಸೇರಿಸಿದ. ಹುಡುಗನೂ ನನಗೆ ಇದನ್ನೇ ಹೇಳಿದ್ದ. ಈ ಆಟದ ಮುಖ್ಯ ವಿದ್ಯೆ ಗುರಿಯಲ್ಲ. ಇಷ್ಟು ಸಾಕು, ಇನ್ನು ಹೊರಡೋಣ ಎಂದು ತನಗೆ ತಾನೇ ಹೇಳಿಕೊಳ್ಳುವುದು.

ಆದರೆ ಕೇಳುಗರೇ, ಇಲ್ಲೊಂದು ಭೇದವಿದೆ. ನಮ್ಮ ಕಡಲಿಗೆ ಬಾಗಿಲು ಹಾಕುವ ಕಾಲವುಂಟು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳು ಇಳಿಯುವಂತಿಲ್ಲ. ಕಡಲೂ ಉಸಿರಾಡಿಕೊಳ್ಳುತ್ತದೆ, ಮನುಷ್ಯನೂ ಉಸಿರಾಡಿಕೊಳ್ಳುತ್ತಾನೆ. ಗಣಕದ ಪಟ್ಟಣಕ್ಕೆ ಬಾಗಿಲಿಲ್ಲ. ನಡುರಾತ್ರಿಯೂ ತೆರೆದೇ ಇರುತ್ತದೆ. ಸತ್ತವನಿಗೆ ಕಳೆದದ್ದನ್ನು ಮರಳಿ ಗಳಿಸುವ ಹಟ, ಬದುಕಿ ಬಂದವನಿಗೆ ಇನ್ನೊಂದು ಸಲದ ಆಸೆ. ತಾರ್ಕೋವಿನಿಂದ ಹೊರಬರುವುದನ್ನು ಕಲಿತ ಹುಡುಗ ಆಟದಿಂದಲೇ ಹೊರಬರುವುದನ್ನು ಮರೆತುಬಿಡಬಹುದು. ನನ್ನ ತಂಗಿಯ ಕಳವಳ ಸುಳ್ಳಾಗಿರಲಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ವರ್ಗೀಕರಣದ ಹನ್ನೊಂದನೆಯ ಆವೃತ್ತಿ 2022ರ ಜನವರಿ 1ರಂದು ಜಾರಿಗೆ ಬಂತು. ಅದರಲ್ಲಿ ಆಟದ ವ್ಯಸನಕ್ಕೂ ಒಂದು ಸ್ಥಾನವಿದೆ. ಲಕ್ಷಣಗಳು ಮೂರು: ಆಟದ ಮೇಲೆ ಹಿಡಿತ ತಪ್ಪುವುದು, ಉಳಿದೆಲ್ಲಕ್ಕಿಂತ ಆಟವೇ ಮುಂದಾಗುವುದು, ಕೇಡಾಗುತ್ತಿದೆಯೆಂದು ತಿಳಿದೂ ಬಿಡಲಾರದಿರುವುದು. ಸಾಮಾನ್ಯವಾಗಿ ಇವು ಒಂದು ವರ್ಷದಷ್ಟು ಕಾಲ ಕಂಡುಬಂದರೆ ಮಾತ್ರ ಅದನ್ನು ರೋಗವೆನ್ನುತ್ತಾರೆ. ಊಟಕ್ಕೆ ಒಮ್ಮೆ ತಡವಾದುದನ್ನಲ್ಲ. ನಿಜವಾಗಿ ಸಿಕ್ಕಿಬಿದ್ದವರಿಗಾಗಿ ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲಿಯೇ ಪ್ರತ್ಯೇಕ ಚಿಕಿತ್ಸಾಲಯ ತೆರೆಯಿತು. ಅಲ್ಲಿಗೆ ಕರೆದೊಯ್ಯುವುದರಲ್ಲಿ ನಾಚಿಕೆಯಿಲ್ಲ. ಹಣ ಕಟ್ಟಿ ಆಡುವ ಜೂಜಿನ ಆಟಗಳ ಮಾತು ಬೇರೆ. ಅವುಗಳನ್ನು ನಿಷೇಧಿಸುವ ಕಾಯಿದೆಯನ್ನು ಸಂಸತ್ತು 2025ರ ಆಗಸ್ಟಿನಲ್ಲಿ ಅಂಗೀಕರಿಸಿತು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಿದರೆ ಮಕ್ಕಳು ನಮ್ಮ ಮಾತನ್ನು ನಂಬುವುದಿಲ್ಲ.

ಕುಮಟಾದಿಂದ ಹೊರಡುವ ಮುನ್ನ ನಾವು ಒಂದು ಒಪ್ಪಂದ ಮಾಡಿಕೊಂಡೆವು. ಊಟದ ಹೊತ್ತನ್ನು ತಂಗಿ ಮುಂಚಿತವಾಗಿ ಹೇಳಬೇಕು. ಅದಕ್ಕೆ ಮುಂಚೆ 40 ನಿಮಿಷ ಉಳಿದಿಲ್ಲವಾದರೆ ಹುಡುಗ ಒಳಗೆ ಹೋಗಕೂಡದು. ಒಳಗೆ ಹೋಗಿದ್ದರೆ ಯಾರೂ ಗುಂಡಿ ಮುಟ್ಟಕೂಡದು. ರಾತ್ರಿಗೆ ಎರಡೇ ಸಲ. ಬದುಕಿ ಬಂದರೂ ಎರಡೇ, ಸತ್ತರೂ ಎರಡೇ. ಕೊನೆಯ ಷರತ್ತೇ ಬಹಳ ಕಷ್ಟವೆಂದು ಅವನು ಪ್ರಾಮಾಣಿಕವಾಗಿ ಹೇಳಿದ. ಎಷ್ಟೋ ಸಲ ಮುರಿದನಂತೆ. ಪರೀಕ್ಷೆಯ ಮುಂಚಿನ ಎರಡು ತಿಂಗಳು ಮಾತ್ರ ತಾನಾಗಿಯೇ ಯಂತ್ರದ ಮೇಲೆ ಬಟ್ಟೆ ಹೊದಿಸಿ, “ಮಾವ, ಈಗ ಟ್ರಾಲಿಂಗ್ ಬಂದ್” ಎಂದು ನನಗೆ ತಿಳಿಸಿದ. ಪರೀಕ್ಷೆ ಮುಗಿದ ಸಂಜೆಯೇ ಬಟ್ಟೆ ತೆಗೆದನೆಂದು ತಂಗಿ ಹೇಳುತ್ತಾಳೆ. ಅವಳಿಗೆ ಇನ್ನೂ ಪೂರ್ಣ ಸಮಾಧಾನವಿಲ್ಲ.

ಅಭಿಮನ್ಯು ತಾಯಿಯ ಹೊಟ್ಟೆಯಲ್ಲಿದ್ದಾಗ ವ್ಯೂಹದ ಕತೆ ಕೇಳಿದ, ಸುಭದ್ರೆ ನಡುವೆ ನಿದ್ರೆ ಹೋದಳು, ಕತೆ ಅರ್ಧಕ್ಕೇ ನಿಂತಿತು ಎಂದು ನಮ್ಮ ಕಡೆ ಹೇಳುವುದುಂಟು. ಒಳಗೆ ಹೋಗುವ ದಾರಿಯನ್ನು ನಮ್ಮ ಮಕ್ಕಳಿಗೆ ಯಾರೂ ಕಲಿಸಬೇಕಾಗಿಲ್ಲ. ಉಳಿದರ್ಧವನ್ನು ಹೇಳುವುದಕ್ಕೆ ನಾವು ಎಚ್ಚರವಿರಬೇಕಾಗಿದೆ. ಈ ರಾತ್ರಿ ನಿಮ್ಮ ಮಗ ಊಟಕ್ಕೆ ಬರುವುದು ತಡವಾದರೆ, ಪೆಟ್ಟಿಗೆಯ ಗುಂಡಿಯ ಕಡೆಗೆ ಕೈ ಚಾಚುವ ಮುನ್ನ ಕೋಣೆಗೆ ಹೋಗಿ ಒಂದು ಮಾತು ಕೇಳಿ: “ಹೊರಗೆ ಬರುವುದಕ್ಕೆ ಇನ್ನೆಷ್ಟು ಹೊತ್ತು ಬೇಕಪ್ಪ?” ಅವನು ಹೊತ್ತು ಹೇಳುತ್ತಾನೆ. ಹೇಳಿದ ಹೊತ್ತಿಗೆ ಬರಬೇಕೆಂದು ಹಿಡಿಯಿರಿ.